ಸಿಂಹದ ಮರಿಯೂ ಶ್ರಾವಕನ ಕೈಯೂ

ಪರದೇಶಕ್ಕೆ ಹೋಗಿ ಅಲ್ಲಿಯ ವನ್ಯಪ್ರಾಣಿಗಳ ಸೇವೆ ಮಾಡುವುದು, ಅದರೊಡನೆ ಆ ನಾಡಿನ ಜನರ ನಡೆನುಡಿಗಳನ್ನೂ ಅರಿತು ಬರುವುದು, ಇಂಥದೊಂದು ರೂಢಿ ಈಗ ಯುವಜನರಲ್ಲಿ ಬೆಳೆದಿದೆ. ಎರಡು ವಾರವೋ ಒಂದು ತಿಂಗಳೋ ಅಲ್ಲಿರಬೇಕು. ಸಂಬಳವಿಲ್ಲ; ಊಟ ವಸತಿಗಳಿಗೂ ಪ್ರಾಣಿಗಳ ಪೋಷಣೆಗೂ ಎಂದು ಹಣವನ್ನು ಸೇವೆಗೆ ಹೋದವರೇ ತೆರಬೇಕು. ಶ್ರಾವಕರ ಮನೆಯ ಮಗಳೊಬ್ಬಳು ಇಂಥ ಸೇವೆಗೆ ಹೊರಡುತ್ತೇನೆಂದರೆ ಹಿರಿಯರಿಗೆ ಮೊದಲು ಉಂಟಾಗುವುದು ಸಂತೋಷವೇ. ಜೀವದಯೆಯೇ ಧರ್ಮದ ಮೂಲವೆಂದು ಕೇಳುತ್ತ ಬೆಳೆದ ಮಗು ಆ ದಯೆಗಾಗಿಯೇ ಸಮುದ್ರವನ್ನು ದಾಟುವುದಾದರೆ ಬೇಡವೆನ್ನುವವರಾರು? ಆದರೆ ದಯೆಯೆಂದು ತೋರುವುದೆಲ್ಲವೂ ದಯೆಯೇ ಎಂಬ ಪ್ರಶ್ನೆಯನ್ನು ವ್ರತಿಯಾದವನು ಬಿಡುವಂತಿಲ್ಲ. ದಕ್ಷಿಣ ಆಫ್ರಿಕದ ಸಿಂಹದ ಮರಿಗಳ ವೃತ್ತಾಂತವು ಈ ಪ್ರಶ್ನೆಯನ್ನು ಬಹು ತೀಕ್ಷ್ಣವಾಗಿ ಎದುರಿಗಿಡುತ್ತದೆ.

ಹೊರಡುವ ಮೊದಲೇ ಎದುರಾಗುವುದು ದಿಗ್ವ್ರತ. ದಿಕ್ಕುದಿಕ್ಕಿಗೂ ಇಷ್ಟು ದೂರವೆಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು ಬದುಕಿರುವವರೆಗೆ ಅದನ್ನು ದಾಟದಿರುವುದು ಇದರ ಸ್ವರೂಪ. ಎಲ್ಲೆಯ ಹೊರಗೆ ಸೂಕ್ಷ್ಮ ಪಾಪವೂ ತನ್ನಿಂದ ನಡೆಯದಿರುವುದರಿಂದ ಆ ಮಟ್ಟಿಗೆ ಗೃಹಸ್ಥನ ಅಣುವ್ರತಗಳು ಮಹಾವ್ರತದ ಹೋಲಿಕೆಯನ್ನು ಪಡೆಯುತ್ತವೆ ಎಂದು ಆಚಾರ್ಯರು ಹೇಳಿದ್ದಾರೆ. ಮನೆಯ ಅಜ್ಜಿ ಈ ವ್ರತವನ್ನು ಹಿಡಿದವರಾಗಿದ್ದರೆ ಅವರ ಎಲ್ಲೆ ಮೊಮ್ಮಗಳನ್ನು ಕಟ್ಟುವುದಿಲ್ಲ, ವ್ರತವು ಸ್ವೀಕರಿಸಿದವರದು. ಪರದೇಶಗಮನವೇ ದೋಷವೆಂದೂ ಅಲ್ಲ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧೀಜಿಯವರು ಜೈನಸಾಧುಗಳಾದ ಬೇಚರಜಿ ಸ್ವಾಮಿಗಳ ಮುಂದೆ ಮದ್ಯ, ಮಾಂಸ, ಪರಸ್ತ್ರೀಸಂಗಗಳಿಂದ ದೂರವಿರುವ ಪ್ರತಿಜ್ಞೆ ಮಾಡಿ ಹಡಗು ಹತ್ತಿದರು. ಮುಂದೆ ದಕ್ಷಿಣ ಆಫ್ರಿಕದಲ್ಲಿದ್ದಾಗ 1894ರಲ್ಲಿ ತಮ್ಮ ಧರ್ಮಸಂದೇಹಗಳನ್ನು ಶ್ರೀಮದ್ ರಾಜಚಂದ್ರರಿಗೆ ಬರೆದು ಕೇಳಿದರು. ಆದರೆ ದೇಶವ್ರತದ ಅತಿಚಾರಗಳಲ್ಲಿ ಪ್ರೇಷ್ಯಪ್ರಯೋಗವೆಂಬುದೊಂದಿದೆ. ತಾನು ಎಲ್ಲೆ ದಾಟದೆ ಬೇರೊಬ್ಬರನ್ನು ಕಳುಹಿಸಿ ಕಾರ್ಯ ಸಾಧಿಸಿಕೊಳ್ಳುವುದೇ ಅದು. ಕಾಲು ಹೋಗದಿದ್ದರೂ ಕಳುಹಿಸಿದ ಕಾರ್ಯದ ಫಲ ಕಳುಹಿಸಿದವನನ್ನು ಅರಸಿಕೊಂಡು ಬರುತ್ತದೆಂಬ ತತ್ತ್ವ ಇದರಲ್ಲಡಗಿದೆ. ಹಣವೂ ಒಂದು ಬಗೆಯ ಪ್ರೇಷ್ಯವೇ. ಮೊಮ್ಮಗಳ ಕೈಗೆ ಅಜ್ಜಿ ಕೊಟ್ಟ ಹಣ ಅಲ್ಲಿ ಹೋಗಿ ಏನು ಮಾಡಿತು ಎಂದು ಕೇಳಲೇಬೇಕಾಗುತ್ತದೆ.

ಆ ದೇಶದ ಫ್ರೀ ಸ್ಟೇಟ್, ನಾರ್ತ್ ವೆಸ್ಟ್, ಲಿಂಪೋಪೊ ಪ್ರಾಂತಗಳಲ್ಲಿ ಸಿಂಹಗಳನ್ನು ಬೇಲಿಯೊಳಗಿಟ್ಟು ಮರಿಮಾಡಿಸುವ ಫಾರಂಗಳು ಬಹಳವಾಗಿ ಬೆಳೆದವು. ದೇಶದಲ್ಲಿ ಒಟ್ಟು 300ಕ್ಕೂ ಹೆಚ್ಚು ತಾಣಗಳಲ್ಲಿ ಸುಮಾರು 8,000 ಸಿಂಹಗಳು ಸೆರೆಯಲ್ಲಿವೆಯೆಂದು ಅಂದಾಜು ಮಾಡಲಾಗಿದೆ. ಅಲ್ಲಿಯ ಕಾಡಿನಲ್ಲಿ ಸ್ವತಂತ್ರವಾಗಿ ತಿರುಗುವ ಸಿಂಹಗಳು ಇದರ ಅರ್ಧಕ್ಕಿಂತ ಕಡಿಮೆ. ಕಾಡಿನಲ್ಲಾದರೆ ತಾಯಿ ಸಿಂಹಿಣಿ ಮೂರೂವರೆ ತಿಂಗಳು ಗರ್ಭಧರಿಸಿ ಈದು, ಮರಿಗಳನ್ನು ಎರಡು ವರ್ಷಗಳ ಕಾಲ ಜೊತೆಯಲ್ಲಿಟ್ಟುಕೊಂಡು ಬೇಟೆ ಕಲಿಸುತ್ತದೆ. ಅಲ್ಲಿಯವರೆಗೆ ಸಾಮಾನ್ಯವಾಗಿ ಮತ್ತೆ ಈಯುವುದಿಲ್ಲ. ಫಾರಂನಲ್ಲಿ ಹಾಗಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳನ್ನು ತಾಯಿಯಿಂದ ಅಗಲಿಸಿಬಿಡುತ್ತಾರೆ. ಮರಿಗಳನ್ನು ಕಳೆದುಕೊಂಡ ತಾಯಿ ಬಹುಬೇಗ ಮತ್ತೆ ಬೆದೆಗೆ ಬರುತ್ತದೆ, ಮತ್ತೆ ಈಯುತ್ತದೆ, ಮತ್ತೆ ಕಳೆದುಕೊಳ್ಳುತ್ತದೆ. ಅಗಲಿಸಿದ ಮರಿಗಳಿಗೆ ಹಾಲು ಕುಡಿಸಲು ಕೈಗಳು ಬೇಕಷ್ಟೆ. ಆ ಕೈಗಳೇ ಸಮುದ್ರದಾಚೆಯಿಂದ ಬಂದ ಸೇವಾರ್ಥಿಗಳದು. ಇವು ತಾಯಿಯಿಲ್ಲದ ಅನಾಥ ಮರಿಗಳೆಂದೂ, ಬೆಳೆದ ಮೇಲೆ ಇವನ್ನು ಕಾಡಿಗೆ ಬಿಡಲಾಗುವುದೆಂದೂ ಅವರಿಗೆ ಹೇಳಲಾಗುತ್ತದೆ. ಬಾಟಲಿಯಿಂದ ಹಾಲು ಕುಡಿಸಿ, ತೊಡೆಯ ಮೇಲೆ ಮಲಗಿಸಿಕೊಂಡು, ಹೆಸರಿಟ್ಟು, ಚಿತ್ರ ತೆಗೆಸಿಕೊಂಡು, ಕಣ್ಣೀರು ತುಂಬಿ ಅವರು ಊರಿಗೆ ಮರಳುತ್ತಾರೆ. ಮರುವಾರ ಬೇರೆ ಕೈಗಳು ಬರುತ್ತವೆ.

ಮರಿ ಮುದ್ದಿನ ವಯಸ್ಸನ್ನು ದಾಟಿದ ಮೇಲೆ ಸ್ವಲ್ಪಕಾಲ ಪ್ರವಾಸಿಗಳೊಡನೆ ನಡೆದಾಡಲು ಬಳಕೆಯಾಗುತ್ತದೆ. ಮನುಷ್ಯನ ಭಯವನ್ನೇ ಅರಿಯದ, ಬೇಟೆಯನ್ನು ಕಲಿಯದ ಅದು ಕಾಡಿಗೆ ಸಲ್ಲದು. ಗಂಡಾದರೆ ಕೇಸರ ತುಂಬುವವರೆಗೆ ಬೇಲಿಯೊಳಗಿಟ್ಟು, ಆಮೇಲೆ ಶೋಕಿಗಾಗಿ ಬೇಟೆಯಾಡುವ ಧನಿಕರಿಗೆ ಮಾರುತ್ತಾರೆ. ಓಡಿ ತಪ್ಪಿಸಿಕೊಳ್ಳಲಾಗದ ಆವರಣದಲ್ಲಿ ಅದನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ತನ್ನತ್ತ ಬರುವ ಮನುಷ್ಯನನ್ನು ಆ ಸಿಂಹವು ಶತ್ರುವೆಂದು ತಿಳಿಯಲು ಕಾರಣವೇ ಇಲ್ಲ. ಹಾಲು ಕೊಟ್ಟ ಕೈಯನ್ನೇ ಅದು ಅಲ್ಲಿಯವರೆಗೆ ಕಂಡಿದ್ದುದು. ಉಳಿದ ಎಲುಬುಗಳು ಆಗ್ನೇಯ ಏಷ್ಯದ ಔಷಧದ ಪೇಟೆಗೆ ಹುಲಿಯೆಲುಬಿನ ಬದಲಾಗಿ ಹೋಗುತ್ತಿದ್ದವು. 2017ರಲ್ಲಿ ಸರ್ಕಾರವೇ ವರ್ಷಕ್ಕೆ 800 ಅಸ್ಥಿಪಂಜರಗಳನ್ನು ಹೊರಕಳುಹಿಸಬಹುದೆಂದು ಮಿತಿ ಗೊತ್ತುಮಾಡಿತು; 2019ರಲ್ಲಿ ಅಲ್ಲಿಯ ಉಚ್ಚನ್ಯಾಯಾಲಯ ಅಂಥ ಮಿತಿಗಳನ್ನು ಗೊತ್ತುಮಾಡಿದ ಕ್ರಮ ಕಾನೂನಿಗೆ ವಿರುದ್ಧವೆಂದಿತು. 1997ರಷ್ಟು ಹಿಂದೆಯೇ ಬ್ರಿಟನ್ನಿನ ದೂರದರ್ಶನವೊಂದು ಈ ಬೇಟೆಯನ್ನು ತೋರಿಸಿತ್ತು. 2015ರಲ್ಲಿ 'ಬ್ಲಡ್ ಲಯನ್ಸ್' ಎಂಬ ಸಾಕ್ಷ್ಯಚಿತ್ರ ಮರಿ ಸಾಕುವ ಸೇವೆಗೂ ಗುಂಡಿಕ್ಕುವ ಬೇಟೆಗೂ ಇರುವ ನಂಟನ್ನು ಬಿಚ್ಚಿಟ್ಟಿತು. ಸೆರೆಸಿಂಹಗಳ ಉದ್ಯಮವನ್ನು ಕೊನೆಗಾಣಿಸುವುದಾಗಿ 2021ರ ಮೇ ತಿಂಗಳಲ್ಲಿ ಸರ್ಕಾರ ಸಾರಿತು, 2024ರಲ್ಲಿ ಮಂತ್ರಿಮಂಡಲ ಅದಕ್ಕೆ ತಕ್ಕ ನೀತಿಯನ್ನು ಒಪ್ಪಿತು. ಆದರೆ ಸಾರಿದ ಮಾತ್ರಕ್ಕೆ ಬೇಲಿಗಳು ಕಳಚಿ ಬೀಳುವುದಿಲ್ಲ.

ಇಲ್ಲಿ ಶಾಸ್ತ್ರದ ಒರೆಗಲ್ಲನ್ನು ಹಿಡಿದು ನೋಡಬೇಕು. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ತಾಯಿಯ ಮೊಲೆಯಿಂದ ಮರಿಯನ್ನು ಕಿತ್ತು ಬಾಟಲಿಯ ಹಾಲು ಕೊಡುವುದರಲ್ಲಿ ಮೊದಲನೆಯದೂ ಕೊನೆಯದೂ ಕೂಡಿಯೇ ಇವೆ. ತಾನು ಕಟ್ಟಲಿಲ್ಲ, ತಾನು ಕಿತ್ತುಕೊಳ್ಳಲಿಲ್ಲ ಎಂದು ಸೇವಾರ್ಥಿ ಹೇಳಬಹುದು. ಜಪಮಾಲೆಯ 108 ಮಣಿಗಳ ಲೆಕ್ಕವನ್ನು ಬಲ್ಲ ಶ್ರಾವಕನಿಗೆ ಆ ಉತ್ತರ ಸಾಲದು. ಸಂರಂಭ, ಸಮಾರಂಭ, ಆರಂಭಗಳು ಮೂರು, ಮನ ವಚನ ಕಾಯಗಳು ಮೂರು, ಕೃತ, ಕಾರಿತ, ಅನುಮತಗಳು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ ಬರುವ 108 ದ್ವಾರಗಳಲ್ಲಿ ತಾನೇ ಮಾಡಿದ್ದು ಮೂರರಲ್ಲೊಂದು ಪಾಲು ಮಾತ್ರ. ಸೇವಾರ್ಥಿ ತೆತ್ತ ಹಣವೇ ಮುಂದಿನ ಮರಿಯನ್ನು ಅಗಲಿಸಲು ಪ್ರೇರಣೆ. ಆ ಕೈಗಳಿಗಾಗಿಯೇ ಮರಿಗಳು ಹುಟ್ಟಿಸಲ್ಪಡುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ಮರಿಯನ್ನು ಅಪ್ಪಿಕೊಂಡಾಗ ಎದೆಯಲ್ಲಿ ಉಕ್ಕುವುದು ಯಾವ ಭಾವ? ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳಲ್ಲಿ ಕಾರುಣ್ಯಕ್ಕೆ ವಿಷಯ ಕ್ಲೇಶಪಡುವ ಜೀವ. ಕ್ಲೇಶವು ಹೇಗೆ ತೊಲಗೀತೆಂಬ ಚಿಂತೆಯೇ ಅದರ ಲಕ್ಷಣ. ಮೆತ್ತನೆಯ ರೋಮದ ಸ್ಪರ್ಶದಿಂದ ಒದಗುವ ಸುಖವಾದರೋ ನೋಕಷಾಯಗಳಲ್ಲಿ ಒಂದಾದ ರತಿ. ರತಿಗೆ ಕಾರುಣ್ಯದ ಉಡುಪು ತೊಡಿಸಿದರೆ ತೊಟ್ಟವರಿಗೇ ಗುರುತು ಸಿಕ್ಕುವುದು ಕಷ್ಟ. ಒಂದು ಪರೀಕ್ಷೆ ಮಾತ್ರ ಇದೆ: ಮುಟ್ಟಲು ಅವಕಾಶವಿಲ್ಲ, ದೂರದಲ್ಲಿ ಬೇಲಿ ಸರಿಪಡಿಸು, ನೀರಿನ ತೊಟ್ಟಿ ತೊಳೆ ಎಂದರೆ ಆಗಲೂ ಹೋಗುವ ಮನಸ್ಸಿದೆಯೇ?

ತಿಳಿಯದೆ ಮಾಡಿದ್ದಕ್ಕೆ ಎಷ್ಟು ಪಾಪ ಎಂದು ಕೇಳುವುದು ನ್ಯಾಯವೇ. ಆಸ್ರವದ ತರತಮವನ್ನು ಹೇಳುವಾಗ ತೀವ್ರ, ಮಂದ ಭಾವಗಳೊಡನೆ ಜ್ಞಾತ, ಅಜ್ಞಾತ ಭಾವಗಳನ್ನೂ ಶಾಸ್ತ್ರ ಎಣಿಸಿದೆ. ಅನಾಥವೆಂದು ನಂಬಿ ಹಾಲು ಕುಡಿಸಿದ ಹುಡುಗಿಯ ಬಂಧವೂ ತಿಳಿದೂ ಮರಿಗಳನ್ನು ಬಾಡಿಗೆಗೆ ಬಿಟ್ಟವನ ಬಂಧವೂ ಸಮಾನವಾಗಲಾರವು. ಆದರೆ ಅಜ್ಞಾತವು ಎಷ್ಟು ಕಾಲ ಅಜ್ಞಾತವಾಗಿ ಉಳಿಯುತ್ತದೆ? ಈ ಮರಿಗಳ ತಾಯಿ ಎಲ್ಲಿದೆ, ಕಳೆದ ವರ್ಷದ ಮರಿಗಳು ಈಗ ಎಲ್ಲಿವೆ, ಇಲ್ಲಿ ಸಿಂಹಗಳು ಈಯುತ್ತವೆಯೇ, ಮಾರಾಟವುಂಟೇ ಎಂದು ಹೊರಡುವ ಮೊದಲು ಕಾಗದ ಬರೆದು ಕೇಳಬಹುದು. ಕೇಳಿದರೆ ಹೋಗುವ ಸಂತೋಷ ಕೆಡುತ್ತದೆಂದು ಕೇಳದೆ ಉಳಿದರೆ ಅದು ಅಜ್ಞಾನವಲ್ಲ, ಪ್ರಮಾದ. ಹಿಂಸೆಯ ಲಕ್ಷಣದಲ್ಲಿ ಪ್ರಮತ್ತಯೋಗವನ್ನೇ ಮೊದಲು ಹೇಳಿರುವುದು ಸುಮ್ಮನಲ್ಲ.

ಸಿಂಹಕ್ಕೆ ಉಪಕಾರ ಮಾಡಿದವರ ಕಥೆ ಉತ್ತರಪುರಾಣದಲ್ಲಿ ಇದೆ. ವರ್ಧಮಾನಸ್ವಾಮಿಯ ಜೀವವು ಹಿಂದಿನ ಭವವೊಂದರಲ್ಲಿ ಸಿಂಹವಾಗಿ ಜಿಂಕೆಯನ್ನು ಕೊಂದು ತಿನ್ನುತ್ತಿರಲು, ಆಕಾಶಮಾರ್ಗದಲ್ಲಿ ಬಂದ ಇಬ್ಬರು ಚಾರಣಮುನಿಗಳು ಶಿಲಾತಲದಲ್ಲಿ ಕುಳಿತು ಅದಕ್ಕೆ ಧರ್ಮವನ್ನು ಹೇಳಿದರು. ಅವರು ಅದನ್ನು ಹಿಡಿಯಲಿಲ್ಲ, ಬಾಯಿಂದ ಜಿಂಕೆಯನ್ನು ಕಿತ್ತುಕೊಳ್ಳಲಿಲ್ಲ, ಪಳಗಿಸಲಿಲ್ಲ. ಸಿಂಹ ಕಣ್ಣೀರಿಟ್ಟಿತು, ವ್ರತವನ್ನು ಸ್ವೀಕರಿಸಿತು. ಮಾಂಸವಲ್ಲದೆ ಬೇರೆ ಆಹಾರವಿಲ್ಲದ ಅದಕ್ಕೆ ವ್ರತವೆಂದರೆ ಅನಶನವೇ ಆಯಿತು. ಮುನಿಗಳು ಬಂದಂತೆಯೇ ಹೊರಟುಹೋದರು. ಇಂದಿನ ಸೇವಾರ್ಥಿಗೆ ಅಂಥ ಋದ್ಧಿಯೂ ಇಲ್ಲ, ಅವನ ಮಾತು ಸಿಂಹಕ್ಕೆ ತಿಳಿಯುವುದೂ ಇಲ್ಲ. ಆದರೂ ಜೀವವನ್ನು ಅದರ ಪಾಡಿಗೆ ಬಿಟ್ಟು ಉಪಕರಿಸುವ ರೀತಿಯೊಂದುಂಟೆಂದು ಇದರಿಂದ ತಿಳಿಯುತ್ತದೆ.

ಅದೇ ದೇಶದಲ್ಲಿಯೇ ಅಂಥ ಉಪಕಾರ ನಡೆದದ್ದೂ ಇದೆ. 2000ದ ಜೂನ್ 23ರಂದು ಕೇಪ್‌ಟೌನ್ ಹತ್ತಿರದ ಕಡಲಿನಲ್ಲಿ 'ಟ್ರೆಷರ್' ಎಂಬ ಹಡಗು ಮುಳುಗಿ ಎಣ್ಣೆ ಹರಡಿತು. ಸುಮಾರು 19,000 ಪೆಂಗ್ವಿನ್ ಹಕ್ಕಿಗಳ ಮೈಗೆ ಎಣ್ಣೆ ಮೆತ್ತಿತು. ದೇಶದೊಳಗಿಂದಲೂ ಹೊರಗಿಂದಲೂ ಸಾವಿರಾರು ಜನ ಬಂದು, ಕಚ್ಚಿಸಿಕೊಳ್ಳುತ್ತ, ದುರ್ಗಂಧವನ್ನು ಸಹಿಸುತ್ತ, ಒಂದೊಂದನ್ನೇ ತೊಳೆದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹಕ್ಕಿಗಳು ಕಡಲಿಗೆ ಮರಳಿದವು. ಎಣ್ಣೆ ತಾಗದ ಇನ್ನೂ ಸುಮಾರು 19,500 ಹಕ್ಕಿಗಳನ್ನು ದೂರದ ಪೋರ್ಟ್ ಎಲಿಜಬೆತ್ ಬಳಿಗೆ ಸಾಗಿಸಿ ಬಿಟ್ಟುಬಿಟ್ಟರು. ಅವು ತಾವಾಗಿಯೇ ವಾರಗಟ್ಟಲೆ ಈಜುತ್ತ ತಮ್ಮ ದ್ವೀಪಗಳಿಗೆ ಮರಳುವಷ್ಟರಲ್ಲಿ ನೀರು ತಿಳಿಯಾಗಿತ್ತು. ಆ ಹಕ್ಕಿಗಳು ಮುದ್ದಿಗೆ ಸಿಕ್ಕುವಂಥವಲ್ಲ. ಸಿಕ್ಕ ಕೈಯನ್ನು ಕುಕ್ಕುವಂಥವು. ರತಿಗೆ ಅಲ್ಲಿ ಎಡೆ ಕಡಿಮೆ.

ಆದರೂ ಕಗ್ಗಂಟೊಂದು ಉಳಿಯುತ್ತದೆ. ತೊಳೆಯುವವರೆಗೆ ಆ ಹಕ್ಕಿಗಳಿಗೆ ಮೀನು ತಿನ್ನಿಸಲೇಬೇಕಾಗಿತ್ತು. ಒಂದು ಪಂಚೇಂದ್ರಿಯ ಜೀವವನ್ನುಳಿಸಲು ಅನೇಕ ಪಂಚೇಂದ್ರಿಯಗಳು ಹೋಗಬೇಕೇ? ಮಾಂಸಾಹಾರಿ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಸೇರಿಸಿದ ಆಚಾರ್ಯರುಂಟು. ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿಚಿಕಿತ್ಸಾಲಯದವರು ಈ ಗಂಟನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ: ಕಾಳು ತಿನ್ನುವ ಹಕ್ಕಿಗಳನ್ನು ಒಳಗಿರಿಸಿಕೊಂಡು ಉಪಚರಿಸುತ್ತಾರೆ, ಹದ್ದು ಗಿಡುಗಗಳಿಗೂ ಗಾಯ ಕಟ್ಟಿ ಔಷಧ ಕೊಡುತ್ತಾರೆ, ಆದರೆ ಒಳಗಿರಿಸಿಕೊಳ್ಳುವುದಿಲ್ಲ. ವ್ರತಿಯಾದ ಸೇವಾರ್ಥಿ ತೊಳೆಯುವ ತೊಟ್ಟಿಯ ಬಳಿ ನಿಂತು, ಮೀನಿನ ಬುಟ್ಟಿಯ ಬಳಿ ನಿಲ್ಲದೆ ಇರಬಹುದು. ಇದರಿಂದ ಗಂಟು ಪೂರ್ಣವಾಗಿ ಬಿಚ್ಚಿತೆಂದು ಹೇಳುವಂತಿಲ್ಲ. ತನ್ನ ಕೈಯ ಎಲ್ಲೆ ಎಲ್ಲಿಯವರೆಗೆ ಎಂಬುದಾದರೂ ಗೊತ್ತಾಗುತ್ತದೆ.

ಪರಸಂಸ್ಕೃತಿಯ ಪರಿಚಯದ ಮಾತೂ ಉಳಿದಿದೆ. ಫಾರಂಗೆ ಹೋದವರಿಗೆ ಅದು ಹೆಚ್ಚಾಗಿ ಸಂಜೆಯ ಒಂದು ಕುಣಿತ, ಕೆಂಡದ ಮೇಲೆ ಮಾಂಸ ಸುಡುವ ಒಂದು ಕೂಟ ಇಷ್ಟಕ್ಕೇ ನಿಲ್ಲುತ್ತದೆ. ರಾತ್ರಿಭೋಜನತ್ಯಾಗವಿರುವವಳು ಅಲ್ಲಿ ಬರಿದೇ ಕುಳಿತಿರಬೇಕು. ಹಳ್ಳಿಗಳಲ್ಲಾದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿಯಾದ 'ಪಪ್', ಹರಿವೆಯ ಜಾತಿಯ ಕಾಡುಸೊಪ್ಪುಗಳ 'ಮೊರೊಗೊ' ಎಂಬ ಪಲ್ಯ ಇವೆ. ಮುದ್ದೆ ಸೊಪ್ಪು ಉಂಡು ಬೆಳೆದವರಿಗೆ ಅದು ಪರದೇಶವೆನಿಸದು. ಅಲ್ಲಿಯ ಸೋಥೊ, ತ್ಸ್ವಾನ ಜನರಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಪ್ರಾಣಿ ಲಾಂಛನ. ಯಾವ ಕುಲದವನೆಂದು ಕೇಳಬೇಕಾದರೆ ನೀನು ಯಾವುದನ್ನು ಕುಣಿಯುತ್ತೀ ಎಂದು ಕೇಳುವ ವಾಡಿಕೆಯಿತ್ತು. ತನ್ನ ಲಾಂಛನದ ಪ್ರಾಣಿಯನ್ನು ತಿನ್ನಬಾರದು, ಕೊಲ್ಲಲು ಹಿಂಜರಿಯಬೇಕು. ಅವರಲ್ಲಿ ಬಟೌಂಗ್ ಎಂಬವರು ಸಿಂಹದ ಕುಲದವರು. 'ಟೌ' ಎಂದರೆ ಸಿಂಹ. ಇಂದು ಸಿಂಹಗಳ ಫಾರಂಗಳಿರುವ ಫ್ರೀ ಸ್ಟೇಟ್ ಪ್ರಾಂತವೇ ಅವರು ಬಾಳಿದ ನೆಲ. ವರ್ಧಮಾನಸ್ವಾಮಿಯ ಲಾಂಛನವೂ ಸಿಂಹವೆಂದು ಹೇಳಬಲ್ಲ ಹುಡುಗಿಯೂ ಆ ಕುಲದ ಮುದುಕಿಯೂ ಒಂದು ಹಗಲು ಕುಳಿತು ಮಾತನಾಡಿದರೆ, ಇಬ್ಬರಿಗೂ ಹೇಳಿಕೊಳ್ಳಲು ಬೇಕಾದಷ್ಟಿದೆ.

ಹೋಗಿ ಬಂದ ಮೇಲೆ ಸತ್ಯ ತಿಳಿದವರ ಪಾಡು ಬೇರೆ. ತಾವು ಹೆಸರಿಟ್ಟ ಮರಿ ಏನಾಯಿತೆಂದು ಹುಡುಕಹೊರಟು ಉತ್ತರ ಸಿಕ್ಕಿದ ಕೆಲವರು ಮೌನವಾಗಿರದೆ ಬಹಿರಂಗವಾಗಿ ಹೇಳಿದರು. ಈ ವ್ಯವಹಾರ ಲೋಕಕ್ಕೆ ತಿಳಿದುದರಲ್ಲಿ ಅವರ ಮಾತಿನ ಪಾಲೂ ಇದೆ. ಶ್ರಾವಕರ ಮನೆಗೆ ಇಂಥ ಮಗಳು ಮರಳಿದರೆ, ನೀನು ಹೋದದ್ದೇ ತಪ್ಪೆಂದು ಗದರಿಸುವುದರಿಂದ ಬರುವುದೇನೂ ಇಲ್ಲ. ದಯೆಯಿಂದ ಹೊರಟ ಮಗುವನ್ನು ದಯೆಯಿಂದಲೇ ಹೆದರಿಸಿದಂತಾದೀತು. ಆಲೋಚನೆ, ಪ್ರತಿಕ್ರಮಣಗಳು ಇರುವುದು ಇದಕ್ಕಾಗಿಯೇ. ಗುರುಗಳು ಸಮೀಪದಲ್ಲಿದ್ದರೆ ಅವರಲ್ಲಿ, ಇಲ್ಲವಾದರೆ ಜಿನಬಿಂಬದ ಸನ್ನಿಧಿಯಲ್ಲಿ, ನಡೆದುದನ್ನು ನಡೆದಂತೆ ಹೇಳಿಕೊಳ್ಳಲಿ. ಚತುರ್ದಶಿಯ ಉಪವಾಸವನ್ನು ಬೇಕಾದರೆ ಅಜ್ಜಿಯೂ ಜೊತೆಗೆ ಮಾಡಲಿ, ಹಣ ಅವರದೂ ಆಗಿತ್ತಲ್ಲ. ಪಾರಣೆಯಾದ ಮೇಲೆ, ಬರುವ ವರ್ಷ ಅಲ್ಲಿಗೆ ಹೊರಡಲಿರುವ ಗೆಳತಿಗೆ ಒಂದು ಕಾಗದ ಬರೆಯುವುದಿದೆ.