ದಪ್ಪ ಆಯಿಲ್ ಮತ್ತು ಒದ್ದೆ ಧಾನ್ಯ

ಕಳೆದ ಶುಕ್ರವಾರ ಜುಮಾ ನಮಾಝ್‌ನ ಬಳಿಕ ಟ್ಯಾಕ್ಸಿ ಓಡಿಸುವ ಸಹೋದರರೊಬ್ಬರು ಒಂದು ಸಮಸ್ಯೆಯನ್ನು ಮುಂದಿಟ್ಟರು. ಅವರ ಹಳೆಯ ಕಾರಿನ ಇಂಜಿನ್‌ನ ಬೇರಿಂಗ್‌ಗಳು ಸವೆದಿವೆ. ಏರು ಹತ್ತುವಾಗ ಕೆಳಗಿನಿಂದ ಟಕಟಕ ಸದ್ದು. ಇಂಜಿನ್ ಬಿಸಿಯಾದರೆ ಆಯಿಲ್ ಒತ್ತಡದ ಕೆಂಪು ದೀಪ ಮಿನುಗುತ್ತದೆ. ರಿಪೇರಿಗೆ ಕಾರಿನ ಬೆಲೆಯ ಅರ್ಧದಷ್ಟು ಹಣ ಬೇಕು. "ದಪ್ಪ ಆಯಿಲ್ ಹಾಕಿ ಕೊಡುತ್ತೇನೆ, ಕೆಲವು ದಿನ ಸದ್ದು ಕೇಳಿಸದು, ಅಷ್ಟರಲ್ಲಿ ಮಾರಿಬಿಡಿ" ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಭಾನುವಾರ ಗಿರಾಕಿ ಬರಲಿದ್ದಾರೆ.

ಸಹೋದರರೇ, ರಿಪೇರಿ ಮಾಡಿಸಬೇಕೇ ಬೇಡವೇ ಎಂಬುದು ನಿಮ್ಮ ವಿವೇಕಕ್ಕೆ ಬಿಟ್ಟ ವಿಷಯ. ಬಲ್ಲವರನ್ನು ಕೇಳಿರಿ, ಇಸ್ತಿಖಾರದ ಎರಡು ರಕಅತ್ ನಮಾಝ್ ಮಾಡಿರಿ. ಕ್ರ್ಯಾಂಕ್‌ಗೆ ಗೀರು ಬಿದ್ದಿಲ್ಲವಾದರೆ ಬೇರಿಂಗ್ ಬದಲಿಸಿದರಷ್ಟೇ ಸಾಕಾಗಬಹುದು. ಬಿಚ್ಚಿ ನೋಡಿಸದೆ ತೀರ್ಮಾನಿಸಬೇಡಿ. ಬಡ್ಡಿ ಸಾಲ ಮಾಡಿ ರಿಪೇರಿ ಮಾಡಿಸುವುದಕ್ಕಿಂತ ಕಡಿಮೆ ಬೆಲೆಗೆ ಮಾರುವುದೇ ಲೇಸು. ಆದರೆ ಆ ಸದ್ದಿನ ಅರ್ಥ ತಿಳಿದ ಮೇಲೆ ಬಾಡಿಗೆಗೆ ಜನರನ್ನು ಕೂರಿಸಿ ಘಾಟಿ ಹತ್ತಬೇಡಿ. ಇಂಜಿನ್ ಸೀಝ್ ಆದರೆ ಕಾರು ತಿರುವಿನಲ್ಲೇ ನಿಂತೀತು. ಪ್ರಯಾಣಿಕರ ಪ್ರಾಣ ನಿಮ್ಮ ಕೈಯಲ್ಲಿರುವ ಅಮಾನತ್.

ಇನ್ನು ಆ ದಪ್ಪ ಆಯಿಲ್‌ನ ವಿಷಯ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದಕ್ಕೆ ಕೈಯಿಳಿಸಿದಾಗ ಬೆರಳುಗಳಿಗೆ ಒದ್ದೆ ತಗುಲಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆ ಬಿದ್ದಿತ್ತು ಎಂದು ವ್ಯಾಪಾರಿ ಹೇಳಿದ. ಮಳೆ ಅವನ ತಪ್ಪಲ್ಲ. ಬೇರಿಂಗ್ ಸವೆದದ್ದೂ ನಿಮ್ಮ ತಪ್ಪಲ್ಲ. ಒದ್ದೆಯನ್ನು ಜನ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂಬುದೇ ಪ್ರವಾದಿವರ್ಯರ(ಸ) ಪ್ರಶ್ನೆಯಾಗಿತ್ತು. ವಂಚಿಸುವವನು ತಮ್ಮವನಲ್ಲವೆಂದು ಅವರು ಹೇಳಿಬಿಟ್ಟರು.

ಇಮಾಮ್ ಗಝಾಲಿಯವರು ಇಹ್ಯಾದಲ್ಲಿ ಇನ್ನೊಂದು ಘಟನೆಯನ್ನು ತಿಳಿಸುತ್ತಾರೆ. ಒಬ್ಬನು 300 ದಿರ್ಹಮ್‌ಗೆ ಒಂಟೆಯನ್ನು ಮಾರಿದ. ಅಲ್ಲಿದ್ದ ಸಹಾಬಿ ವಾಸಿಲಾ(ರ) ಕೊಂಡವನ ಬೆನ್ನು ಹಿಡಿದು ಹೋಗಿ, ಮಾಂಸಕ್ಕೋ ಸವಾರಿಗೋ ಎಂದು ವಿಚಾರಿಸಿದರು. ಸವಾರಿಗೆ ಎಂದಾಗ, ಅದರ ಪಾದದಲ್ಲಿ ತೂತಿದೆ, ದೂರ ನಡೆಯಲಾರದು ಎಂದು ತಿಳಿಸಿದರು. ಮಾರಿದವನು 100 ದಿರ್ಹಮ್ ಇಳಿಸಬೇಕಾಯಿತು. ವ್ಯಾಪಾರ ಕೆಡಿಸಿದಿರೆಂದು ಅವನು ದೂರಿದಾಗ ವಾಸಿಲಾ(ರ) ಪ್ರವಾದಿವಚನವನ್ನು ನೆನಪಿಸಿದರು: ದೋಷ ತಿಳಿಸದೆ ಮಾರುವುದು ಸಮ್ಮತವಲ್ಲ, ದೋಷ ಬಲ್ಲವನು ಸುಮ್ಮನಿರುವುದೂ ಸಮ್ಮತವಲ್ಲ. ಮೆಕ್ಯಾನಿಕ್ ಸಹೋದರರು ಈ ಕೊನೆಯ ಮಾತನ್ನು ಗಮನಿಸಬೇಕು.

"ಇದ್ದ ಹಾಗೆ ಕೊಡುತ್ತಿದ್ದೇನೆ, ಆಮೇಲೆ ದೂರಬಾರದು ಎಂದು ಹೇಳಿದರೆ ಸಾಲದೇ?" ಎಂದು ಅವರು ಕೇಳಿದರು. ಅಂಥ ಶರತ್ತಿನ ಬಗ್ಗೆ ಹನಫಿ ಮತ್ತು ಶಾಫಿಈ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ನಿಜ. ಆದರೆ ಗೊತ್ತಿದ್ದ ದೋಷವನ್ನು ಬೇಕೆಂದೇ ಮುಚ್ಚಿಡುವುದಕ್ಕೆ ಎರಡೂ ಕಡೆ ಅನುಮತಿಯಿಲ್ಲ.

ಗಿರಾಕಿ ನಮ್ಮ ಸಮುದಾಯದವರಲ್ಲ ಎಂಬ ಮಾತನ್ನೂ ಪಕ್ಕದಲ್ಲಿದ್ದ ಒಬ್ಬರು ಹೇಳಿದರು. ಕೇಳಿ ನೋವಾಯಿತು. ಮದ್‌ಯನ್‌ನ ಜನತೆಗೆ ಶುಐಬ್(ಅ) ನೀಡಿದ ಆದೇಶದಲ್ಲಿ, ಜನರ ವಸ್ತುಗಳನ್ನು ಕಡಿತಗೊಳಿಸಬೇಡಿ ಎಂದಿದೆ. ಕುರ್‌ಆನ್ ಅಲ್ಲಿ ಬಳಸಿರುವುದು 'ಜನರು' ಎಂಬ ಪದ, ವಿಶ್ವಾಸಿಗಳು ಎಂದಲ್ಲ. ಆ ಗಿರಾಕಿಯೂ ಸಾಲ ಮಾಡಿ ಟ್ಯಾಕ್ಸಿ ಓಡಿಸಹೊರಟವರೇ ಇರಬಹುದು.

ಆದ್ದರಿಂದ ಆ ಸಹೋದರರಿಗೆ ಹೇಳಿದ್ದಿಷ್ಟು: ದಪ್ಪ ಆಯಿಲ್ ಹಾಕಿಸಬೇಡಿ. ಭಾನುವಾರ ಗಿರಾಕಿ ಬರುವ ಮೊದಲೇ ಇಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಡಿ. ಬಾನೆಟ್ ತೆರೆದು ಸದ್ದು ಕೇಳಿಸಿ, ಕೆಂಪು ದೀಪ ತೋರಿಸಿ, ರಿಪೇರಿಗೆ ಎಷ್ಟಾಗುತ್ತದೆಂದು ತಿಳಿಸಿ. ಬೆಲೆಯ ಮಾತು ಆಮೇಲೆ.