ಸೆಲ್ ಬದಲಿಸುವ ಮುನ್ನ ಒಂದು ಮಾತು ಕೇಳಿ

*ಇಂದಿನ ಧಮ್ಮ ಚಿಂತನೆ*
ರಾಮಕೃಷ್ಣನಗರ, ಮೈಸೂರು

ಇಂದಿನ ಚಿಂತನೆಗೆ ತೆಗೆದುಕೊಂಡಿರುವುದು ತೀರ ಸಣ್ಣ ವಸ್ತು. ಬೀಗದ ಕೈಗೊಂಚಲಿಗೆ, ಮಕ್ಕಳ ಸ್ಕೂಲ್ ಬ್ಯಾಗಿಗೆ, ಸ್ಕೂಟರಿನ ಸೀಟಿನ ಕೆಳಗೆ ಹಾಕಿ, ಅದು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವ ಗುಂಡಗಿನ ಟ್ಯಾಗ್. ನಮ್ಮ ಬಡಾವಣೆಯ ಮನೆಗಳಿಗೂ ಈಗ ಇದು ಬಂದಿದೆ. ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಇದರ ಸೆಲ್ ಮುಗಿಯುತ್ತದೆ, ಹೊಸದು ಹಾಕಬೇಕಾಗುತ್ತದೆ. ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷದಲ್ಲಿ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ.

*ಇನ್ನೊಂದು ವರ್ಷ ನಾನು ಯಾರ ಜಾಡು ಹಿಡಿಯಲು ಹೊರಟಿದ್ದೇನೆ? ಅದಕ್ಕೆ ಅವರು ಒಪ್ಪಿದ್ದಾರೆಯೇ?*

ಮೊದಲು ವಸ್ತುವನ್ನೇ ಸರಿಯಾಗಿ ನೋಡೋಣ. 2021ರಲ್ಲಿ ಬಂದ ಆಪಲ್ ಕಂಪನಿಯ ಏರ್‌ಟ್ಯಾಗ್ ಇವುಗಳಲ್ಲಿ ಹೆಸರಾದದ್ದು. ಅದರ ಒಳಗಿರುವುದು ಸಿಆರ್ 2032 ಎಂಬ ಬಟನ್ ಸೆಲ್. ಒಂದು ರೂಪಾಯಿ ನಾಣ್ಯದಷ್ಟು ಅಗಲ, ಮೂರು ವೋಲ್ಟ್. ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಹಿಂದಿನ ಉಕ್ಕಿನ ಮುಚ್ಚಳವನ್ನು ಎರಡು ಹೆಬ್ಬೆರಳಿನಿಂದ ಒತ್ತಿ ಎಡಕ್ಕೆ ತಿರುಗಿಸಿದರೆ ತೆರೆದುಕೊಳ್ಳುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹೊಸ ಸೆಲ್ ಇಟ್ಟರೆ ಟ್ಯಾಗ್ ಒಮ್ಮೆ ಸದ್ದು ಮಾಡುತ್ತದೆ. ಮುಚ್ಚಳ ಹಾಕಿ ಬಲಕ್ಕೆ ತಿರುಗಿಸಿದರೆ ಕೆಲಸ ಮುಗಿಯಿತು.

ಇದರಲ್ಲಿ ಜಿಪಿಎಸ್ ಇಲ್ಲ. ಅದು ಬ್ಲೂಟೂತ್ ಸಂಕೇತ ಬಿಡುತ್ತಾ ಇರುತ್ತದೆ, ಅಷ್ಟೆ. ಪಕ್ಕದಲ್ಲಿ ಹಾದುಹೋಗುವ ಯಾರದೋ ಫೋನು ಅದನ್ನು ಹಿಡಿದು, ಇಂಥ ಕಡೆ ಇದೆ ಎಂದು ಗುಟ್ಟಾಗಿ ತಿಳಿಸುತ್ತದೆ. ಫೋನಿನ ಮಾಲೀಕರಿಗೆ ಅದರ ಅರಿವೇ ಇರುವುದಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗುವಾಗ ನಮ್ಮ ಜೇಬಿನ ಫೋನು ಯಾರ ಸುಳಿವನ್ನು ಯಾರಿಗೆ ಮುಟ್ಟಿಸುತ್ತಿದೆಯೋ ನಮಗೂ ಗೊತ್ತಿಲ್ಲ. ಎಲ್ಲವೂ ಒಂದನ್ನೊಂದು ಅವಲಂಬಿಸಿವೆ ಎಂದು ಭಗವಾನ್ ಬುದ್ಧರು ಹೇಳಿದ್ದಕ್ಕೆ ಇದೂ ಒಂದು ಉದಾಹರಣೆ.

*ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು*

ಪಂಚಶೀಲದಲ್ಲಿ ಎರಡನೆಯದನ್ನು ನಾವು ಸಾಮಾನ್ಯವಾಗಿ "ಕಳ್ಳತನ ಮಾಡಬಾರದು" ಎಂದು ಹೇಳಿಬಿಡುತ್ತೇವೆ. ಪಾಳಿಯ ಪದ ಅದಿನ್ನಾದಾನ. ಎಂದರೆ ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಇದರ ಅರ್ಥ ಕಳ್ಳತನಕ್ಕಿಂತ ದೊಡ್ಡದು. ಹಣ, ಒಡವೆ, ಜಮೀನು ಮಾತ್ರ ಇದರಲ್ಲಿ ಸೇರುವುದಿಲ್ಲ. ಒಬ್ಬ ಮನುಷ್ಯ ಈಗ ಎಲ್ಲಿದ್ದಾನೆ, ಯಾರ ಮನೆಗೆ ಹೋದ, ಎಷ್ಟು ಹೊತ್ತು ಕೂತಿದ್ದ ಎಂಬುದೂ ಅವನ ಸ್ವತ್ತೇ. ಅವನು ಹೇಳಿದರೆ ಅದು ಕೊಟ್ಟದ್ದು. ಅವನಿಗೆ ಗೊತ್ತಿಲ್ಲದಂತೆ ನಾವು ತಿಳಿದುಕೊಂಡರೆ ಅದು ಕೊಡದೇ ತೆಗೆದುಕೊಂಡದ್ದು.

ನಮ್ಮ ಕಾನೂನು ಕೂಡ ಇದೇ ಜಾಗಕ್ಕೆ ಬಂದು ನಿಂತಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಸಂವಿಧಾನದ ಪೀಠಿಕೆಯಲ್ಲಿರುವ ವ್ಯಕ್ತಿ ಘನತೆಯ ಮಾತಿಗೂ ಇದಕ್ಕೂ ನೇರ ಸಂಬಂಧವಿದೆ.

*ಕಪ್ಪು ದಾರದಿಂದ ಕೈಗಡಿಯಾರದವರೆಗೆ*

"ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ?" ಎಂದು ಕೆಲವರಿಗೆ ಅನಿಸಬಹುದು. ಬೇರೆಯವರಿಗೆ ಇದು ಸಣ್ಣದಿರಬಹುದು, ನಮಗಲ್ಲ. ಏಕೆಂದರೆ ನಮ್ಮ ಹಿರಿಯರ ಓಡಾಟವನ್ನು ಬೇರೆಯವರು ಅಳೆದು ಇಟ್ಟ ಚರಿತ್ರೆ ನಮ್ಮದು.

1936ರ 'ಜಾತಿ ವಿನಾಶ' ಕೃತಿಯಲ್ಲಿ ಬಾಬಾಸಾಹೇಬರು ಪೇಶ್ವೆಗಳ ರಾಜ್ಯದ ಸ್ಥಿತಿಯನ್ನು ನೆನಪಿಸುತ್ತಾರೆ. ಅಸ್ಪೃಶ್ಯರು ಗುರುತಿಗಾಗಿ ಮಣಿಕಟ್ಟಿಗೋ ಕೊರಳಿಗೋ ಕಪ್ಪು ದಾರ ಕಟ್ಟಿಕೊಳ್ಳಬೇಕಿತ್ತು. ಪುಣೆಯಲ್ಲಿ ಅವರು ನಡೆದ ಹೆಜ್ಜೆಯ ಧೂಳು ಬೇರೆಯವರಿಗೆ ತಾಗದಂತೆ ಸೊಂಟಕ್ಕೆ ಪೊರಕೆ, ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ. ಆ ದಾರವನ್ನು ಕಟ್ಟಿಕೊಂಡವರು ತಾವಾಗಿ ಕಟ್ಟಿಕೊಂಡದ್ದಲ್ಲ, ತಾವಾಗಿ ಬಿಚ್ಚುವಂತೆಯೂ ಇರಲಿಲ್ಲ.

ಈಗ ನಮ್ಮ ಕಾಲಕ್ಕೆ ಬನ್ನಿ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ಲಕ್ಷಾಂತರ ಜನರೊಂದಿಗೆ ಧಮ್ಮ ದೀಕ್ಷೆ ಪಡೆದ ಊರು ನಾಗಪುರ. ಅದೇ ನಾಗಪುರದ ಮಹಾನಗರ ಪಾಲಿಕೆ ಕೆಲವು ವರ್ಷಗಳ ಹಿಂದೆ ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿಸಿತು. 2020ರಲ್ಲಿ ಚಂಡೀಗಢದಲ್ಲೂ ಇದೇ ಆಯಿತು, ಅಲ್ಲಿನ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಿದರು. ಗಡಿಯಾರದಲ್ಲಿ ಕ್ಯಾಮೆರಾ, ಮೈಕ್ ಇವೆ, ಶೌಚಾಲಯಕ್ಕೆ ಹೋಗುವುದಕ್ಕೂ ಭಯವಾಗುತ್ತದೆ ಎಂದು ಹೆಣ್ಣುಮಕ್ಕಳು ಹೇಳಿದರು. ಚಾರ್ಜ್ ಮಾಡಲು ಅದನ್ನು ಮನೆಗೇ ಒಯ್ಯಬೇಕು. ಕೆಲಸ ಮುಗಿದ ಮೇಲೂ ಕಾವಲುಗಾರ ಜೊತೆಯಲ್ಲೇ ಮನೆಗೆ ಬಂದಂತೆ!

ಅಂದು ನಮ್ಮವರ ಹೆಜ್ಜೆಗುರುತು ಉಳಿಯಬಾರದು ಎಂದರು, ಪೊರಕೆ ಕಟ್ಟಿದರು. ಇಂದು ಅದೇ ಜನರ ಪ್ರತಿ ಹೆಜ್ಜೆಯೂ ದಾಖಲಾಗಬೇಕು ಎನ್ನುತ್ತಾರೆ, ಗಡಿಯಾರ ಕಟ್ಟುತ್ತಾರೆ. ಪೊರಕೆ ಹಿಡಿದ ಕೈಗೇ ಗಡಿಯಾರ ಬಂತು. ಕೆಲಸದ ಲೆಕ್ಕ ಇಡುವುದು ತಪ್ಪಲ್ಲ. ಆದರೆ ಲೆಕ್ಕ ಕೊಡಬೇಕಾದವರು ಯಾವಾಗಲೂ ಕೆಳಗಿನವರೇ ಏಕೆ?

ಬುದ್ಧರು ರಾಜಗೃಹದ ಬೀದಿಯಲ್ಲಿ ಕಸ ಗುಡಿಸುತ್ತಿದ್ದ ಸುನೀತನನ್ನು ನೋಡಿದ ಬಗೆಯೇ ಬೇರೆ. ಭಿಕ್ಖುಗಳೊಂದಿಗೆ ಅವರು ಬರುತ್ತಿದ್ದದ್ದನ್ನು ಕಂಡು ಸುನೀತ ಸರಿಯಲು ಜಾಗವಿಲ್ಲದೆ ಗೋಡೆಗೆ ಒರಗಿ ಕೈಮುಗಿದು ನಿಂತ. ಬುದ್ಧರು ಅವನ ಹತ್ತಿರ ತಾವೇ ಹೋದರು, ಮಾತಾಡಿಸಿದರು, ಸಂಘಕ್ಕೆ ಬರುವೆಯಾ ಎಂದು ಕೇಳಿದರು. ನೋಡುವುದು ಎಂದರೆ ಅದು. ಎದುರಿಗೆ ನಿಂತು ನೋಡಬೇಕು, ಅವನ ಇಷ್ಟ ಕೇಳಬೇಕು.

*ನಮ್ಮ ಮನೆಯೊಳಗೆ*

ಹೊರಗಿನವರನ್ನು ಪ್ರಶ್ನಿಸುವುದು ಸುಲಭ. ಈಗ ಇದೇ ಪ್ರಶ್ನೆಯನ್ನು ಮನೆಯೊಳಗೆ ತರೋಣ.

ಕೈಗೊಂಚಲಿಗೆ, ಸ್ಕೂಟರಿಗೆ ಟ್ಯಾಗ್ ಹಾಕುವುದರಲ್ಲಿ ಚಿಂತಿಸುವುದೇನೂ ಇಲ್ಲ. ಮರೆವಿನ ಕಾಯಿಲೆ ಇರುವ ಅಪ್ಪ ವಾಕಿಂಗ್ ಹೋದವರು ದಾರಿ ತಪ್ಪಿ ಆಂದೋಲನ ವೃತ್ತದಲ್ಲಿ ನಿಂತುಬಿಟ್ಟರೆ ಎಂಬ ಆತಂಕವೂ ನಿಜವಾದದ್ದೇ. ಅಲ್ಲಿ ಟ್ಯಾಗ್ ಕರುಣೆಯ ಸಾಧನ. ಆದರೂ ಅಪ್ಪನ ಅಂಗಿಯ ಒಳಗೆ ಗುಟ್ಟಾಗಿ ಹೊಲಿದುಬಿಡುವುದಕ್ಕೂ, "ಅಪ್ಪಾ, ಇದರ ಸೆಲ್ ಮುಗಿದಿದೆ, ಹೊಸದು ಹಾಕಲಾ? ನಿಮ್ಮ ಜೇಬಲ್ಲೇ ಇರಲಾ?" ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮರೆವು ಇರುವವರಿಗೂ ಮಾನ ಇರುತ್ತದೆ. ಇವತ್ತು ಕೇಳಿದ್ದು ನಾಳೆ ಮರೆತರೂ, ನನ್ನನ್ನು ಕೇಳಿದರು ಎಂಬ ನೆಮ್ಮದಿ ಆ ಗಳಿಗೆಯ ಮಟ್ಟಿಗಾದರೂ ಅವರದು.

ಕಷ್ಟದ ಪ್ರಶ್ನೆ ಮಗಳ ಬ್ಯಾಗಿನದು. ರಾತ್ರಿ ಪಾಳಿ ಮುಗಿಸಿ ಬರುವ ಮಗಳು ತಾನೇ "ಅಮ್ಮಾ, ನಾನು ಎಲ್ಲಿದ್ದೀನಿ ಅಂತ ನೋಡ್ತಾ ಇರು" ಎಂದರೆ ಅದು ಕೊಟ್ಟದ್ದು. ಅವಳು ಯಾರ ಜೊತೆ ಓಡಾಡುತ್ತಾಳೆ ಎಂದು ತಿಳಿಯಲು ಬ್ಯಾಗಿನ ತಳದಲ್ಲಿ ಅಡಗಿಸಿಟ್ಟರೆ ಅದು ಅದಿನ್ನಾದಾನ. ಜಾತಿಯನ್ನು ಮುರಿಯಲು ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದು 'ಜಾತಿ ವಿನಾಶ'ದಲ್ಲಿ ಬರೆದವರು ಬಾಬಾಸಾಹೇಬರು. ಹೆಣ್ಣುಮಕ್ಕಳ ಹಕ್ಕಿನ ಹಿಂದೂ ಕೋಡ್ ಬಿಲ್ ನೆನೆಗುದಿಗೆ ಬಿದ್ದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟವರು ಅವರು. ಗೋಡೆಯ ಮೇಲೆ ಅವರ ಭಾವಚಿತ್ರ ಹಾಕಿ, ಮಗಳ ಬ್ಯಾಗಿನಲ್ಲಿ ಟ್ಯಾಗ್ ಅಡಗಿಸಿದರೆ ಕಪ್ಪು ದಾರ ಕೈ ಬದಲಾಯಿತು ಅಷ್ಟೆ. ಕಟ್ಟಿಸಿಕೊಂಡವರೇ ಕಟ್ಟುವವರಾದೆವು.

ಹೆಂಗಸರ ಬೆನ್ನು ಹತ್ತಲು ಈ ಟ್ಯಾಗ್‌ಗಳನ್ನು ಬಳಸಿದ ಪ್ರಕರಣಗಳು ಹಲವು ದೇಶಗಳಲ್ಲಿ ಬಂದ ಮೇಲೆ ಕಂಪನಿಗಳೇ ಎಚ್ಚೆತ್ತವು. ಗೊತ್ತಿಲ್ಲದ ಟ್ಯಾಗ್ ಒಂದು ನಮ್ಮ ಜೊತೆಯಲ್ಲೇ ಬರುತ್ತಿದ್ದರೆ ಫೋನು ಎಚ್ಚರಿಸುವ ವ್ಯವಸ್ಥೆ 2024ರ ಮೇ ತಿಂಗಳಿನಿಂದ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಇದೆ. ಅಂಥ ಎಚ್ಚರಿಕೆ ಬಂದರೆ ಕಡೆಗಣಿಸಬೇಡಿ, ಮನೆಯ ಹೆಣ್ಣುಮಕ್ಕಳಿಗೂ ತಿಳಿಸಿ.

*ರಾಹುಲನಿಗೆ ಕಲಿಸಿದ ಪಾಠ*

ಬುದ್ಧರು ಮಗ ರಾಹುಲನಿಗೆ ಕನ್ನಡಿಯನ್ನು ಉದಾಹರಣೆಯಾಗಿ ಕೊಟ್ಟು ಒಂದು ಪಾಠ ಹೇಳುತ್ತಾರೆ. ಯಾವುದೇ ಕೆಲಸವನ್ನು ಮಾಡುವ ಮುನ್ನ, ಮಾಡುತ್ತಿರುವಾಗ, ಮಾಡಿದ ನಂತರ, ಹೀಗೆ ಮೂರು ಸಲ ಯೋಚಿಸಬೇಕು. ಇದರಿಂದ ನನಗೆ, ಇತರರಿಗೆ, ಇಬ್ಬರಿಗೂ ನೋವಾಗುತ್ತದೆಯೇ ಎಂದು. ನಡುವೆಯೇ ತಪ್ಪು ಎಂದು ಕಂಡರೆ ಅಲ್ಲೇ ನಿಲ್ಲಿಸಬಹುದು.

ಒಮ್ಮೆ ಕೊಟ್ಟ ಒಪ್ಪಿಗೆ ಶಾಶ್ವತವಲ್ಲ, ಅದೂ ಅನಿಚ್ಚವೇ. ಏಳನೇ ತರಗತಿಯಲ್ಲಿ ಒಪ್ಪಿದ ಮಗ ಪಿಯುಸಿಗೆ ಬಂದಾಗ ಬೇಡ ಎನ್ನಬಹುದು. ಸೆಲ್ ಮುಗಿಯುವುದು ಆ ದೃಷ್ಟಿಯಿಂದ ಒಳ್ಳೆಯದೇ. ಅದು ವರ್ಷಕ್ಕೊಮ್ಮೆ ನಮ್ಮನ್ನು ನಿಲ್ಲಿಸಿ, ಮತ್ತೆ ಕೇಳು ಎನ್ನುತ್ತದೆ. ಬೇಡ ಎಂದರೆ ಮುಚ್ಚಳ ಹಾಕದೆ ಪಕ್ಕಕ್ಕಿಡುವ ಧೈರ್ಯ ನಮಗಿರಬೇಕು.

*ತೆಗೆದ ಸೆಲ್ ಎಲ್ಲಿಗೆ?*

ಮಾಡಿದ ನಂತರವೂ ಯೋಚಿಸು ಎಂದರಲ್ಲ, ಆ ಮಾತು ಹಳೆಯ ಸೆಲ್ಲಿಗೂ ಅನ್ವಯಿಸುತ್ತದೆ. ಮಗು ಇಂಥ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗುವ ಅಪಾಯವಿದೆ. ನೋಡೋಣ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಖಾಲಿಯಾದ ಸೆಲ್ಲಿನಲ್ಲೂ ಆ ಶಕ್ತಿ ಉಳಿದಿರುತ್ತದೆ.

ಹಸಿ ಕಸದಲ್ಲೋ ಒಣ ಕಸದಲ್ಲೋ ಎಸೆದರೆ ಅದು ಬೆಳಿಗ್ಗೆ ಮನೆ ಮುಂದೆ ಬರುವ ಕಸದ ಗಾಡಿಯಲ್ಲಿ ಕೈಯಿಂದ ಬೇರ್ಪಡಿಸುವವರ ಪಾಲಿಗೆ ಹೋಗುತ್ತದೆ. 2015 ಮತ್ತು 2016ರಲ್ಲಿ ಮೈಸೂರಿಗೆ ದೇಶದ ಅತ್ಯಂತ ಸ್ವಚ್ಛ ನಗರ ಎಂಬ ಹೆಸರು ಬಂದದ್ದು ಆ ಕೈಗಳಿಂದ. ಅವರಲ್ಲಿ ಬಹುಪಾಲು ನಮ್ಮ ಜನವೇ. ಹಾಗಾಗಿ ಸೆಲ್ಲಿನ ಎರಡೂ ಬದಿಗೆ ಟೇಪ್ ಸುತ್ತಿ, ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಮೈತ್ರಿ ಎಂಬುದು ಧ್ಯಾನದಲ್ಲಿ ಮಾತ್ರವಲ್ಲ, ಇಂಥ ಒಂದು ತುಂಡು ಟೇಪಿನಲ್ಲೂ ಇರುತ್ತದೆ.

*ಇಂದಿನ ಅಭ್ಯಾಸ*

1. ಮನೆಯಲ್ಲಿ ಯಾರ ಓಡಾಟವಾದರೂ ಟ್ಯಾಗಿನಿಂದಲೋ ಮೊಬೈಲಿನಿಂದಲೋ ನಿಮಗೆ ಕಾಣುತ್ತಿದ್ದರೆ, ಅವರಿಗೆ ಅದು ಗೊತ್ತಿದೆಯೇ ಎಂದು ಇಂದೇ ಕೇಳಿ.
2. ಬೇಡ ಎಂದರೆ ಕಾರಣ ಕೇಳದೆ ನಿಲ್ಲಿಸಿ.
3. ಬೇಕು ಎಂದರೆ, ಮುಂದಿನ ಸಲ ಸೆಲ್ ಬದಲಿಸುವಾಗ ಮತ್ತೆ ಕೇಳುತ್ತೇನೆ ಎಂದು ಮಾತು ಕೊಡಿ.
4. ನಾಳೆ ಬೆಳಿಗ್ಗೆ ಕಸದ ಗಾಡಿ ಬಂದಾಗ ಆ ಅಕ್ಕ, ಅಣ್ಣನ ಹೆಸರು ಕೇಳಿ, ಎರಡು ಮಾತಾಡಿ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ, ಜೈಭೀಮ್ 🙏

(ಓದಿದ ಮೇಲೆ ನಿಮ್ಮ ಮನೆಯ ಗುಂಪಿಗೂ ಕಳಿಸಿ. ಅನಿಸಿಕೆಗಳನ್ನು ಭಾನುವಾರದ ಅಧ್ಯಯನದಲ್ಲಿ ಹಂಚಿಕೊಳ್ಳೋಣ.)