ಓದಿ ಮುಗಿಸಿದ ಮೇಲಿನ ಹೊತ್ತು

ಪುಸ್ತಕ ಮುಚ್ಚುತ್ತಿದ್ದಂತೆ ಕೈ ತಾನಾಗಿ ಮೊಬೈಲ್ ಹುಡುಕುತ್ತದೆ. ಈ ಚಟದೊಡನೆ ನನ್ನ ಗುದ್ದಾಟ ಇನ್ನೂ ಮುಗಿದಿಲ್ಲ. ಹಾಗಾಗಿ ಈ ಮಾತನ್ನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಎಲ್ಲರೂ ಗೊಣಗುತ್ತೇವೆ. ನಿಲ್ಲಲು ಅದಕ್ಕೆ ಹೊತ್ತನ್ನಾದರೂ ಕೊಟ್ಟಿದ್ದೇವೆಯೇ?

ನೆನಪಿನ ವಿಷಯದಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರ ಬದುಕು ನನ್ನನ್ನು ಬಹಳ ಕಾಡಿದೆ. ತೀವ್ರ ಮೂರ್ಛೆರೋಗ ತಗ್ಗಲೆಂದು 1953ರಲ್ಲಿ, 27ರ ಹರೆಯದಲ್ಲಿ, ಅವರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು, ಆದರೆ ಅಂದಿನಿಂದ ಹೊಸ ಸಂಗತಿಗಳು ನೆನಪಿನಲ್ಲಿ ಉಳಿಯದಾದವು. ಬಾಲ್ಯ ನೆನಪಿತ್ತು, ಸ್ವಲ್ಪ ಮೊದಲು ಮಾಡಿದ ಊಟ ನೆನಪಿರುತ್ತಿರಲಿಲ್ಲ. ಅವರನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಪ್ರತಿ ಭೇಟಿಯಲ್ಲೂ ಅವರಿಗೆ ಹೊಸಬರೇ. ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದನ್ನು ಮಾತ್ರ ದಿನೇ ದಿನೇ ಚೆನ್ನಾಗಿ ಕಲಿತರು, ಕಲಿತದ್ದರ ನೆನಪೇ ಇಲ್ಲದೆ. ಕೈಯ ಕಲಿಕೆಗೆ ಮಿದುಳಿನಲ್ಲಿ ದಾರಿಯೇ ಬೇರೆ. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಹೀಗೇ ಬದುಕಿದರು.

ಹೊಸ ಅನುಭವವನ್ನು ಹಿಡಿದುಕೊಳ್ಳುವುದು ಹಿಪ್ಪೊಕ್ಯಾಂಪಸ್. ಬಹುಕಾಲ ಕಾಪಾಡುವ ಹೊಣೆ ಹೆಚ್ಚಾಗಿ ಮಿದುಳಿನ ಹೊರಪದರದ್ದು. ಇವೆರಡರ ಮಾತುಕತೆ ಜೋರಾಗುವುದು ಗಾಢ ನಿದ್ದೆಯಲ್ಲಿ. ಇಲಿ ಓಡಾಡುವಾಗ ಹಿಪ್ಪೊಕ್ಯಾಂಪಸ್‌ನ ಯಾವ ನರಕೋಶಗಳು ಒಟ್ಟಿಗೆ ಮಿಡಿದಿದ್ದವೋ, ಆಮೇಲಿನ ನಿದ್ದೆಯಲ್ಲೂ ಅವೇ ಒಟ್ಟಿಗೆ ಮಿಡಿಯುವುದನ್ನು ವಿಜ್ಞಾನಿಗಳಾದ ವಿಲ್ಸನ್ ಮತ್ತು ಮೆಕ್‌ನಾಟನ್ 1994ರಲ್ಲಿ ತೋರಿಸಿದರು. ಈ ಮಿಡಿತಗಳಿಗೂ ಹೊರಪದರದ ನಿಧಾನ ಅಲೆಗಳಿಗೂ ತಾಳ ಕೂಡಿದಾಗ ನೆನಪು ಗಟ್ಟಿಯಾಗುತ್ತದೆ. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸಬೇಡ ಎಂದು ಅಜ್ಜಿಯಂದಿರು ಗದರುತ್ತಿದ್ದುದು ಹೊಸ ನೆನಪಿಗೂ ಸಲ್ಲುತ್ತದೆ.

ಹಾಗಾದರೆ ಏನು ಮಾಡೋಣ?

ಓದಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರೋಣ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಪುಸ್ತಕ ಮುಚ್ಚಿ, ಓದಿದ್ದನ್ನು ನೆನಪಿನಿಂದಲೇ ಬರೆಯೋಣ. ಮತ್ತೆ ಮತ್ತೆ ಓದಿದವರಿಗಿಂತ ಹೀಗೆ ಬರೆದವರಿಗೇ ವಾರದ ನಂತರ ಹೆಚ್ಚು ನೆನಪಿತ್ತೆಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ.

ಎರಡು ದಿನ ಬಿಟ್ಟು, ವಾರ ಬಿಟ್ಟು ಮತ್ತೊಮ್ಮೆ ತಿರುವಿ ಹಾಕೋಣ.

ಎಲ್ಲಕ್ಕಿಂತ ಮೊದಲು, ನಿದ್ದೆ ಕದಿಯುವುದನ್ನು ನಿಲ್ಲಿಸೋಣ. ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿದು ಬೆಳಗಿನವರೆಗೆ ಓದುವ ಮಗುವನ್ನು ನಾವೇ ನೆಂಟರ ಮುಂದೆ ಹೊಗಳುತ್ತೇವೆ. ಇದೆಂಥ ಪ್ರೀತಿ? ಹಗಲೆಲ್ಲ ಕೂಡಿಸಿದ್ದನ್ನು ಮಿದುಳು ಜೋಡಿಸಿಡುವ ಹೊತ್ತನ್ನೇ ನಾವು ಕಸಿಯುತ್ತಿದ್ದೇವೆ. ಹೊಗಳಿಕೆ ಸಾಕು. ಹೋಗಿ ದೀಪ ಆರಿಸಿ, ಮಗುವನ್ನು ಮಲಗಿಸಿ, ನೀವೂ ಮಲಗಿ.